ಸ್ವಿಚ್ಚು ಮುಟ್ಟದ ಅಕ್ಕ

ಇಪ್ಪತ್ನಾಲ್ಕು ಮನೆಗಳ ಆ ಕಟ್ಟಡದಲ್ಲಿ ಟಿವಿಯ ಗೋಡೆ ಸ್ವಿಚ್ಚನ್ನು ಯಾರೂ ಆರಿಸುತ್ತಿರಲಿಲ್ಲ. ಲೈಟು, ಫ್ಯಾನಿನ ಮಾತು ಬೇರೆ. ಟಿವಿ, ಅದರ ಕೆಳಗಿನ ಕೇಬಲ್ ಡಬ್ಬಿ, ಕಂಪ್ಯೂಟರು, ಓವನ್ನು, ಹಾಡಿನ ಪೆಟ್ಟಿಗೆ ಇವೆಲ್ಲವನ್ನೂ ರಿಮೋಟಿನಲ್ಲೋ ಗುಂಡಿಯಲ್ಲೋ ಮಲಗಿಸಿ ಸುಮ್ಮನಾಗುವರೇ ಹೊರತು ಗೋಡೆಯ ತಂಟೆಗೆ ಹೋಗುವವರಲ್ಲ. ಮಲಗಿದ ಟಿವಿಯ ಮೂಲೆಯಲ್ಲಿ ಕೆಂಪು ದೀಪದ ಚುಕ್ಕಿಯೊಂದು ಹಗಲೂ ರಾತ್ರಿ ಉರಿಯುತ್ತಿತ್ತು. ಬೇರೆ ಊರಿಗೆ ಹೊರಟವರು ಪಕ್ಕದ ಮನೆಗೆ ಕೀಲಿ ಕೊಟ್ಟು, "ನಮ್ಮ ಕೆಂಪು ಚುಕ್ಕಿ ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಹೋಗುವುದು ಅಲ್ಲಿಯ ವಾಡಿಕೆ. ಗಿಡಕ್ಕೆ ನೀರು ಹಾಕಿ ಅನ್ನುವುದನ್ನಾದರೂ ಮರೆತಾರು, ಕೆಂಪು ಚುಕ್ಕಿಯನ್ನು ಮರೆಯುತ್ತಿರಲಿಲ್ಲ. ಮೆಟ್ಟಿಲ ಬಳಿಯ ಹಲಗೆಯಲ್ಲಿ ಒಂದನೇ ಮಹಡಿಯ ನಿವೃತ್ತ ಗುಮಾಸ್ತರು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು: ಟಿವಿಯನ್ನು ಗೋಡೆಯಲ್ಲಿ ಆರಿಸಬೇಡಿ, ಆರಿಸಿ ಹಾಕಿದರೆ ಹೊಡೆತಕ್ಕೆ ಸೆಟ್ಟು ಸುಡುತ್ತದೆ, ರಿಪೇರಿಯವರ ಎಚ್ಚರಿಕೆ. ಕಾಗದ ಹಳದಿಯಾದಾಗಲೆಲ್ಲ ಹೊಸದು ಬರೆಯುತ್ತಿದ್ದರು. ಹೀಗಾಗಿ ಎಲ್ಲರ ಬಾಯಲ್ಲೂ ಅವರು ನೋಟೀಸು ತಾತ.

ರಿಪೇರಿಯವನು ಅಂದರೆ ನೆಲಮಹಡಿಯ ಮೂಲೆ ಮನೆಯವನು. ಅರವತ್ತೆರಡು ವರ್ಷ, ಎರಡು ಬೀದಿ ಆಚೆ ಅವನ ಅಂಗಡಿ. ಕಟ್ಟಡದಲ್ಲಿ ಏನು ಕೆಟ್ಟರೂ ಮೊದಲು ಅವನಿಗೇ ಕರೆ. ಇಸ್ತ್ರಿಪೆಟ್ಟಿಗೆಯಿಂದ ಹಿಡಿದು ಬಾಗಿಲ ಗಂಟೆಯವರೆಗೆ ಅವನ ಕೈ ತಾಗದ ವಸ್ತು ಅಲ್ಲಿರಲಿಲ್ಲ. ರಿಪೇರಿ ಹೇಳಿದ ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಆ ಮರ್ಯಾದೆ ಅವನಿಗೂ ಹಿತವಾಗಿತ್ತು. ಯಾರಿಗೆ ಆಗುವುದಿಲ್ಲ ಹೇಳಿ!

ಆ ವರ್ಷ ಬಿಸಿಲು ಏರಿದಂತೆ ಕರೆಂಟು ಕೈಕೊಡಲು ಶುರುವಾಯಿತು. ದಿನಾ ಮಧ್ಯಾಹ್ನ ಒಂದಕ್ಕೆ ಹೋದರೆ ಐದಕ್ಕೆ ಬರುವುದು. ನೆಲಮಹಡಿಯ ಕೋಣೆಯಲ್ಲಿ ಇಡೀ ಕಟ್ಟಡಕ್ಕೆ ಸೇರಿದ ಬ್ಯಾಟರಿಗಳ ಸಾಲಿತ್ತು. ಕರೆಂಟು ಹೋದ ಕೂಡಲೇ ಅದು ಎಲ್ಲರ ಮನೆಗೂ ಕೊಡುತ್ತಿತ್ತು, ಆದರೆ ಮೂರು ತಾಸು ತಳ್ಳಿ ನಾಲ್ಕಕ್ಕೆ ಕೈಯೆತ್ತಿಬಿಡುತ್ತಿತ್ತು. ಉಳಿದವರಿಗೆ ಒಂದು ತಾಸು ಸೆಕೆ, ಬೀಸಣಿಗೆ, ಒಂದಿಷ್ಟು ಬೈಗುಳ. ಮೂರನೇ ಮಹಡಿಯ ಅಕ್ಕನಿಗೆ ಮಾತ್ರ ಹಾಗಲ್ಲ. ಆಕೆಗೆ ಅರವತ್ತೆಂಟು, ಶ್ವಾಸಕೋಶ ಸೋತಿತ್ತು. ಮಂಚದ ಪಕ್ಕ ಗುರುಗುಟ್ಟುವ ಆಮ್ಲಜನಕದ ಯಂತ್ರವೊಂದು ನಳಿಗೆಯಲ್ಲಿ ಉಸಿರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕರೆಂಟು ಹೋಗಿ ಯಂತ್ರ ನಿಂತರೆ ಇರಲಿ ಎಂದು ಆಸ್ಪತ್ರೆಯವರು ಒಂದು ಪುಟ್ಟ ಬ್ಯಾಟರಿ ಪೆಟ್ಟಿಗೆ ಕೊಟ್ಟಿದ್ದರು. ಅದರ ಮೇಲೆ ಒಂದೇ ಸ್ವಿಚ್ಚು. ಒತ್ತಿದರೆ ಯಂತ್ರ ಇನ್ನೂ ಒಂದೂವರೆ ತಾಸು ಓಡುತ್ತದೆ.

ಮೊದಲ ದಿನವೇ ಅನಾಹುತವಾಗುವುದರಲ್ಲಿತ್ತು. ಅಕ್ಕನ ಮಗ ಲಾರಿ ಚಾಲಕ, ತಿಂಗಳಿಗೊಮ್ಮೆ ಮನೆಗೆ ಬರುವವನು. ಸೊಸೆಗೆ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಸಂಜೆ ಆರಕ್ಕೆ ಬರುವುದು. ಅಂದು ಅದೃಷ್ಟಕ್ಕೆ ಕಾರ್ಖಾನೆಯಲ್ಲೂ ಯಂತ್ರ ನಿಂತು ಬೇಗ ಬಿಟ್ಟಿದ್ದರು. ನಾಲ್ಕೂಕಾಲಿಗೆ ಅವಳು ಬಾಗಿಲು ತೆಗೆದರೆ ಅತ್ತೆಯ ತುಟಿ ನೀಲಿ, ಕಣ್ಣು ಮೇಲೆ, ಪೆಟ್ಟಿಗೆ ಕೈಯಳತೆಯಲ್ಲೇ ಇದೆ, ಯಾರೂ ಒತ್ತಿಲ್ಲ. ತಾನೇ ಒತ್ತಿ, ಬೆನ್ನು ನೀವಿ, ಆಸ್ಪತ್ರೆಗೆ ಫೋನು ಮಾಡಿ, ಆಮೇಲೆ ರಿಪೇರಿಯವನ ಬಾಗಿಲು ಬಡಿದಳು.

"ಮಾವ, ಒಂದ್ಸಲ ಮೇಲೆ ಬನ್ನಿ. ಈ ಪೆಟ್ಟಿಗೆ ಸ್ವಿಚ್ಚೇನಾದ್ರೂ ಗಟ್ಟಿ ಇದೆಯಾ ನೋಡಿ. ಅತ್ತೆ ಒತ್ತಿಲ್ಲ. ಯಾಕೆ ಅಂತ ಕೇಳಿದ್ರೆ ಬಾಯೇ ಬಿಡ್ತಿಲ್ಲ."

ಐದಕ್ಕೆ ಕರೆಂಟು ಬಂದ ಮೇಲೆ ಅವನು ಪೆಟ್ಟಿಗೆ ಬಿಚ್ಚಿ ನೋಡಿದ. ಸ್ವಿಚ್ಚು ಬೆಣ್ಣೆಯ ಹಾಗೆ ಮೆತ್ತಗಿತ್ತು, ಮಗು ಕೂಡ ಒತ್ತಬಹುದು.

"ಚೆನ್ನಾಗೇ ಇದೆಯಲ್ಲಕ್ಕ. ಯಾಕೆ ಒತ್ತಲಿಲ್ಲ?"

ಅಕ್ಕ ಅವನನ್ನು ನೋಡಿ ಸಣ್ಣಗೆ ನಕ್ಕಳು. ಎರಡೆರಡು ಮಾತಿಗೆ ಒಂದು ಉಸಿರು. "ನಾನು ಸ್ವಿಚ್ ಮುಟ್ಟಲ್ಲ ತಮ್ಮ. ನಾನು ಮುಟ್ಟಿದ್ರೆ... ಕೆಟ್ಟೋಗುತ್ತೆ. ನಿನಗೇ ಗೊತ್ತಲ್ಲ."

ಗೊತ್ತಿತ್ತು. ಅವನಿಗೆ ಗೊತ್ತಿದ್ದಷ್ಟು ಈ ಲೋಕದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಆಗ ಅವನು ಅಂಗಡಿ ಇಟ್ಟ ಹೊಸತು. ಅಕ್ಕನ ಗಂಡನನ್ನು ಅವನು ಭಾವ ಅಂತಲೇ ಕರೆಯುತ್ತಿದ್ದ. ಭಾವ ತಂದುಕೊಟ್ಟ ಟಿವಿಗೆ ಬೇಕಾಗಿದ್ದುದು ಒಂದು ಕಂಡೆನ್ಸರು, ಕರೆಂಟನ್ನು ಹದ ಮಾಡಿ ಕೊಡುವ ಹೆಬ್ಬೆರಳಷ್ಟು ಡಬ್ಬಿ. ಸರಿಯಾದದ್ದು ಅಂಗಡಿಯಲ್ಲಿರಲಿಲ್ಲ. ತರಿಸಲು ನಾಲ್ಕು ದಿನ ಬೇಕು, ಭಾವನಿಗೋ ಅವಸರ. ಇರಲಿ, ನಡೆಯುತ್ತೆ ಅಂದುಕೊಂಡು ಕಡಿಮೆ ತಾಕತ್ತಿನ ಒಂದನ್ನು ಬೆಸೆದು ಕಳಿಸಿದ. ಮೂರು ದಿನ ಓಡಿತು. ನಾಲ್ಕನೇ ಬೆಳಿಗ್ಗೆ ಅಕ್ಕ ಗೋಡೆಯ ಸ್ವಿಚ್ಚು ಹಾಕಿದ್ದೇ ತಡ, ಢಬ್ಬೆಂದಿತು, ಮನೆ ತುಂಬ ಹೊಗೆ. ಅವನು ಓಡಿಬಂದು ಹಿಂಬದಿ ಬಿಚ್ಚಿ ನೋಡಿದರೆ ತಾನು ಹಾಕಿದ್ದ ಡಬ್ಬಿ ಹೊಟ್ಟೆ ಒಡೆದುಕೊಂಡು ನಿಂತಿತ್ತು. ಭಾವ ಪಕ್ಕದಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ತಪ್ಪು ನಂದು ಅನ್ನಲು ಬಾಯಿ ಬರಲಿಲ್ಲ. "ರಾತ್ರಿ ಇದನ್ನ ಗೋಡೇಲಿ ಆರಿಸಿದ್ದು ಯಾರು?" ಎಂದುಬಿಟ್ಟ. ಕರೆಂಟು ದಂಡವಾಗಬಾರದು ಅಂತ ಅಕ್ಕನೇ ಆರಿಸಿದ್ದಳು. ಹೂಂ ಅಂದಳು. "ಅದೇ ನೋಡಿ. ಆರಿಸಿ ಹಾಕಿದ ಹೊಡೆತಕ್ಕೇ ಸುಟ್ಟಿರೋದು," ಅಂದ. ಅಷ್ಟೇ ಅವನು ಆಡಿದ್ದು.

ಉಳಿದದ್ದನ್ನೆಲ್ಲ ಭಾವ ಆಡಿದ. ವರ್ಷಗಟ್ಟಲೆ ಆಡಿದ, ಆ ಮಾತೇ ಮನೆಯಿಂದ ಮನೆಗೆ ಹೋಗಿ ಹಲಗೆಯ ನೋಟೀಸಾಯಿತು. ಬಂದವರ ಎದುರಿಗೆಲ್ಲ "ನಮ್ಮ ಮನೇಲಿ ಉಳಿತಾಯದ ರಾಣಿ ಇದ್ದಾಳೆ, ಸ್ವಿಚ್ ಆರಿಸಿ ಟಿವಿನೇ ಆರಿಸಿಬಿಟ್ಟಳು" ಎಂದು ನಗುತ್ತಿದ್ದ. ಅಕ್ಕ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಮಿಕ್ಸಿ ತಿರುಗಿಸಬೇಕಾದರೂ ಮಗನನ್ನು ಕರೆಯುತ್ತಿದ್ದಳು, ಅವನ ಮದುವೆಯಾದ ಮೇಲೆ ಸೊಸೆಯನ್ನು. ಯಾರೂ ಇಲ್ಲದಾಗ ಕತ್ತಲಲ್ಲೇ ಕೂರುತ್ತಿದ್ದಳು. ಇದೆಲ್ಲ ರಿಪೇರಿಯವನಿಗೆ ಕಾಣಿಸುತ್ತಿತ್ತೋ ಇಲ್ಲವೋ ಅಂದರೆ, ಕಾಣಿಸುತ್ತಿತ್ತು. ನೋಡಿಯೂ ನೋಡದಂತಿದ್ದ.

ಅಂದು ಮೆಟ್ಟಿಲಿಳಿದು ಬಂದವನು ನೆಟ್ಟಗೆ ಬ್ಯಾಟರಿ ಕೋಣೆಗೆ ಹೋದ. ಅಕ್ಕನ ಮುಖ ನೋಡುವುದಕ್ಕಿಂತ ಬ್ಯಾಟರಿ ನೋಡುವುದು ಸುಲಭವಾಗಿತ್ತು. ಮೂರೇ ತಾಸಿಗೆ ಯಾಕೆ ಬರಿದಾಗುತ್ತಿದೆ? ಬ್ಯಾಟರಿ ಹಳೆಯದಲ್ಲ, ಸೋರಿಕೆಯೂ ಇಲ್ಲ. ಅಂಗಡಿಯಿಂದ ಅಳತೆಯ ಮೀಟರು ತಂದು ತನ್ನ ಮನೆಯಿಂದಲೇ ಶುರು ಮಾಡಿದ. ಹೆಂಡತಿ ಮಗಳ ಹೆರಿಗೆಗೆ ಹೋಗಿ ಎರಡು ತಿಂಗಳಾಗಿತ್ತು, ಅವಳು ಹೋದಾಗಿನಿಂದ ಟಿವಿ ಹಾಕಿದ್ದೇ ಇಲ್ಲ. ಆದರೂ ಕೇಬಲ್ ಡಬ್ಬಿಯ ಬೆನ್ನು ಮುಟ್ಟಿದರೆ ಮಲಗಿದ ಬೆಕ್ಕಿನ ಹಾಗೆ ಬೆಚ್ಚಗಿತ್ತು. ಅದೊಂದೇ ಹನ್ನೊಂದು ವಾಟ್. ಟಿವಿ, ಹಾಡಿನ ಪೆಟ್ಟಿಗೆ, ಯಾರೂ ನೋಡದ ಓವನ್ನಿನ ಗಡಿಯಾರ ಎಲ್ಲ ಸೇರಿ ಇಪ್ಪತ್ತೊಂದು. ಒಬ್ಬರೂ ಬಳಸದೆ, ಒಬ್ಬರಿಗೂ ಬೇಡದೆ, ಸುಮ್ಮನೆ ಕುಡಿಯುತ್ತಿರುವ ಕರೆಂಟು.

ಸಂಜೆ ನಾಲ್ಕಾರು ಮನೆಗಳಲ್ಲಿ ಅಳೆದ. ಎಲ್ಲ ಕಡೆ ಅದೇ ಕತೆ. ಇಪ್ಪತ್ನಾಲ್ಕು ಮನೆಗೆ ಕೂಡಿಸಿದರೆ ಐನೂರು ವಾಟ್ ಆಯಿತು. ಅಕ್ಕನ ಯಂತ್ರಕ್ಕೆ ಬೇಕಾದ್ದು ಮುನ್ನೂರು. ಒಂದೂವರೆ ಅಕ್ಕಂದಿರು ಉಸಿರಾಡುವಷ್ಟನ್ನು ಕೆಂಪು ಚುಕ್ಕಿಗಳು ನಿದ್ದೆಯಲ್ಲೇ ಮುಗಿಸುತ್ತಿದ್ದವು. ಅವಿಲ್ಲದಿದ್ದರೆ ಬ್ಯಾಟರಿ ಐದರವರೆಗೂ ಬರುತ್ತಿತ್ತು. ಅವನು ಕಾಗದವನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತ. ಎದುರಿಗೇ ಹಲಗೆ, ಹಲಗೆಯಲ್ಲಿ ನೋಟೀಸು. ರಿಪೇರಿಯವರ ಎಚ್ಚರಿಕೆ! ಕಿತ್ತು ಹಾಕಬೇಕು ಅನಿಸಿತು, ಕಿತ್ತರೆ ಯಾಕೆ ಎಂದು ಕೇಳುತ್ತಾರೆ.

ಈಗ ಅವನು ಮಾಡಿದ್ದನ್ನು ಕೇಳಿ. ಮಾರನೆಯ ದಿನ ಮನೆಮನೆಗೂ ಹೋದ. ಸತ್ಯವನ್ನು ಕಾಲು ಭಾಗ ಹೇಳಿದ, ಮುಕ್ಕಾಲು ಭಾಗವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ.

"ಹಳೇ ಕಾಲದ ಸೆಟ್ಟಿಗೆ ನಾನು ಆ ಮಾತು ಹೇಳಿದ್ದು, ತಾತ. ಈಗಿನವು ಹಾಗಲ್ಲ, ಧೈರ್ಯವಾಗಿ ಗೋಡೇಲೇ ಆರಿಸಬಹುದು. ಬಳಸದೆ ಇದ್ದಾಗ ಪೂರ್ತಿ ಆರಿಸಿಬಿಡಿ. ಮೇಲೆ ಅಕ್ಕನ ಯಂತ್ರಕ್ಕೆ ಅಷ್ಟು ಉಳಿಯುತ್ತೆ."

ನೋಟೀಸು ತಾತ ಕನ್ನಡಕ ಸರಿಮಾಡಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಏನಯ್ಯ, ಈಗಿನವು ಅಂದ್ರೆ ಯಾವಾಗಿಂದ? ನನ್ನ ಟಿವಿ ತಂದು ಹನ್ನೊಂದು ವರ್ಷ ಆಯ್ತು. ಹನ್ನೊಂದು ವರ್ಷ ಈ ಚುಕ್ಕಿಗೆ ಕಾವಲು ಕೂತಿದ್ದೀನಿ. ಹೋದ ಸಲ ಮಗಳ ಮನೆಗೆ ಹೋದಾಗ ಎದುರು ಮನೆಯವರಿಗೆ ದಿನಾ ಫೋನು ಮಾಡಿ ಉರೀತಿದೆಯಾ ಅಂತ ಕೇಳಿದ್ದೀನಿ. ಮೊದಲೇ ಹೇಳೋಕೇನಾಗಿತ್ತು ನಿನಗೆ ರೋಗ?"

"ಮರೆತೆ ತಾತ."

"ಮರೆತನಂತೆ! ಹೊಸ ನೋಟೀಸು ಬರೀಬೇಕು ಈಗ." ಗೊಣಗಿದರೂ ತಾತ ಅಂದೇ ಬರೆದು ಅಂಟಿಸಿದರು. ಹೇಳಿ ಕೇಳಿ ರಿಪೇರಿಯವನ ಮಾತು, ಎರಡೇ ದಿನದಲ್ಲಿ ಇಪ್ಪತ್ನಾಲ್ಕು ಮನೆಯ ಚುಕ್ಕಿಗಳೂ ಆರಿದವು. ಅಲ್ಲಿಯವರೆಗೆ ಸೊಸೆ ರಜೆ ಹಾಕಿ ಅತ್ತೆಯ ಬಳಿಯೇ ಇದ್ದಳು. ಮೂರನೆಯ ದಿನ ಐದು ಗಂಟೆಗೆ ಕರೆಂಟು ಬಂದಾಗ ಬ್ಯಾಟರಿ ಇನ್ನೂ ಉಸಿರಿಟ್ಟುಕೊಂಡಿತ್ತು. ಎಲ್ಲರೂ ಅವನ ಬೆನ್ನು ತಟ್ಟಿದರು. ಅವನಿಗೂ ದೊಡ್ಡ ಗಂಡಾಂತರ ಕಳೆಯಿತು ಅನಿಸಿತು. ಅಕ್ಕನದ್ದೋ ತನ್ನದೋ ಎಂದು ಕೇಳಿಕೊಳ್ಳಲು ಹೋಗಲಿಲ್ಲ.

ಆದರೆ ಆಸ್ಪತ್ರೆಯವರು ಸೊಸೆಗೆ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಬ್ಯಾಟರಿ ಎಷ್ಟೇ ಗಟ್ಟಿಯಾಗಿರಲಿ, ಯಾವ ದಿನವಾದರೂ ಏನಾದರೂ ಆಗಬಹುದು, ಆಕೆ ಪೆಟ್ಟಿಗೆಯ ಸ್ವಿಚ್ಚು ಒತ್ತುವುದನ್ನು ಕಲಿಯಲೇಬೇಕು, ಇನ್ನೊಂದು ಸಲ ಹಾಗಾದರೆ ಉಳಿಯುವುದಿಲ್ಲ. ಸೊಸೆ ಮತ್ತೆ ಅವನನ್ನು ಕರೆದಳು.

"ನಾನು ಹೇಳಿ ಸಾಕಾಯ್ತು ಮಾವ. ನಿಮ್ಮ ಮಾತು ಕೇಳ್ತಾರೆ. ಇಲ್ಲಾಂದ್ರೆ ನಾನು ಕೆಲಸ ಬಿಟ್ಟು ಮನೇಲಿ ಕೂರ್ಬೇಕಷ್ಟೆ."

ಅವನು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತ. "ಈಗಿನ ಯಂತ್ರ ಎಲ್ಲ ಬೇರೆ ಅಕ್ಕ. ಏನೂ ಆಗಲ್ಲ. ಒಂದ್ಸಲ ಒತ್ತಿ ನೋಡು."

"ಯಂತ್ರದ ಮಾತಲ್ಲ ತಮ್ಮ. ನನ್ನ ಕೈಯೇ ಅಂಥದ್ದು. ನಿಮ್ಮ ಭಾವ ಹೇಳ್ತಾನೇ ಇದ್ರು." ಆಕೆ ಎರಡೂ ಕೈಯನ್ನು ಹೊದಿಕೆಯ ಕೆಳಗೆ ಎಳೆದುಕೊಂಡಳು. "ಕೆಟ್ಟೋದ್ರೆ ಈ ಹುಡುಗಿಗೇ ಕಷ್ಟ. ಇದು ಆಸ್ಪತ್ರೆ ಸಾಮಾನು."

ಆಗಲೂ ಅವನ ನಾಲಿಗೆ ಹೊರಳಲಿಲ್ಲ. ಅದರ ಬದಲು ದೊಡ್ಡ ಉಪಕಾರಿಯ ಹಾಗೆ ಎದ್ದುನಿಂತ. "ಹೋಗ್ಲಿ ಬಿಡಮ್ಮ, ಅವರಿಗೆ ಒತ್ತಾಯ ಬೇಡ. ಕರೆಂಟು ಹೋಗೋ ಹೊತ್ತಿಗೆ ನಾನೇ ಅಂಗಡಿ ಮುಚ್ಚಿ ಬಂದು ಕೂರ್ತೀನಿ." ಸೊಸೆಯ ಕಣ್ಣಲ್ಲಿ ನೀರು ಬಂತು. ಅವನ ಕೈಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಕೈ ಸುಟ್ಟಂತಾಯಿತು ಅವನಿಗೆ.

ಒಂದು ವಾರ ಬಂದು ಕೂತ. ಅಕ್ಕ ಹಳೆಯದನ್ನೆಲ್ಲ ಮಾತಾಡುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ಎಂಟನೆಯ ದಿನ ಗಿರಾಕಿಯೊಬ್ಬರ ಮನೆಯಲ್ಲಿ ಬಟ್ಟೆ ತೊಳೆಯುವ ಯಂತ್ರ ಬಿಚ್ಚಿದವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಗಡಿಯಾರ ನೋಡಿದರೆ ಒಂದು ಇಪ್ಪತ್ತು. ಹೆದರಬೇಕಾದ್ದಿಲ್ಲ, ಬ್ಯಾಟರಿ ಐದರವರೆಗೆ ಬರುತ್ತದೆ ಎಂದುಕೊಂಡೇ ಬೀದಿ ದಾಟಿದ. ಕಟ್ಟಡದೊಳಗೆ ಕಾಲಿಟ್ಟಾಗ ಮೇಲಿನಿಂದ ಕೀಂಯೆಂದು ಯಂತ್ರದ ಕೂಗು ಕೇಳಿಸಿತು. ಬ್ಯಾಟರಿಗೆ ಏನೂ ಆಗಿರಲಿಲ್ಲ, ಮೂರನೇ ಮಹಡಿಯ ಫ್ಯೂಸು ಹೋಗಿತ್ತು. ನೋಟೀಸು ತಾತ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಾ "ಯಾರಾದ್ರೂ ಬನ್ರೋ, ಬೇಗ ಬನ್ರೋ" ಎಂದು ಕೂಗುತ್ತಿದ್ದರು. ಅವನು ಅವರನ್ನು ದಾಟಿ ಎರಡೆರಡು ಮೆಟ್ಟಿಲು ಹಾರಿ ಓಡಿದ.

ಅಕ್ಕ ಮಂಚದ ಮೇಲೆ ಕುಳಿತೇ ಇದ್ದಳು. ಪೆಟ್ಟಿಗೆ ಮಡಿಲಲ್ಲಿತ್ತು. ಬಲಗೈಯ ತೋರುಬೆರಳು ಸ್ವಿಚ್ಚಿನ ಮೇಲೆ, ಒಂದು ಭತ್ತದ ಕಾಳಿನಷ್ಟು ಅಂತರದಲ್ಲಿ ನಿಂತು ನಡುಗುತ್ತಿತ್ತು. ಎದೆ ತಿದಿಯಂತೆ ಏಳುತ್ತಿತ್ತು, ಬಾಯಿ ತೆರೆದಿತ್ತು, ಬೆರಳು ಮಾತ್ರ ಇಳಿಯುತ್ತಿರಲಿಲ್ಲ. ಸಾಯುತ್ತಿದ್ದರೂ ಇಳಿಯುತ್ತಿರಲಿಲ್ಲ. ಅವನು ಹಾರಿಬಂದು ಒತ್ತಿದ.

ತುಟಿಗೆ ಬಣ್ಣ ಬರಲು ಬಹಳ ಹೊತ್ತು ಬೇಕಾಯಿತು. ತಾತ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತರು, ಅಕ್ಕ ಕಣ್ಣು ಬಿಟ್ಟದ್ದು ನೋಡಿ ಅಲ್ಲೇ ಕುರ್ಚಿಯಲ್ಲಿ ಕುಸಿದರು. ರಿಪೇರಿಯವನು ಫ್ಯೂಸು ಕಟ್ಟಿ ಬಂದ. ಸ್ಟೂಲಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕುಳಿತ.

"ಅಕ್ಕ, ಆ ಟಿವಿ ನೀನು ಕೆಡಿಸಿದ್ದಲ್ಲ. ನಾನು ಕೆಡಿಸಿದ್ದು."

ಅಕ್ಕನಿಗೆ ಅರ್ಥವಾಗಲಿಲ್ಲ. ಅವನು ಎಲ್ಲ ಹೇಳಿದ. ಅವಸರದ ಕಂಡೆನ್ಸರು, ಒಡೆದ ಹೊಟ್ಟೆ, ಬಾಯಿಗೆ ಬಂದ ಸುಳ್ಳು. "ಸ್ವಿಚ್ ಆರಿಸಿದ್ದಕ್ಕೂ ಅದಕ್ಕೂ ಸಂಬಂಧಾನೇ ಇರಲಿಲ್ಲ. ನೀನು ಆರಿಸಿದ್ದೇ ಸರಿ. ಆವತ್ತಲ್ಲದಿದ್ರೆ ಮಾರನೇ ದಿನ ಸುಡ್ತಿತ್ತು. ನಿನ್ನ ಕೈಗೆ ಏನೂ ಆಗಿಲ್ಲಕ್ಕ. ನನ್ನ ನಾಲಿಗೆ ಸೇದಿಹೋಗ."

ಯಂತ್ರ ಗುರುಗುಟ್ಟುತ್ತಿತ್ತು. ಅಕ್ಕ ಗೋಡೆಯನ್ನೇ ನೋಡುತ್ತಿದ್ದಳು.

"ಒಳಗೆ ನೋಡಿದ ತಕ್ಷಣ ಗೊತ್ತಾಯ್ತಾ ನಿನಗೆ?"

"ಆಯ್ತಕ್ಕ."

"ಅವರು ಪಕ್ಕದಲ್ಲೇ ನಿಂತಿದ್ರು."

"ನಿಂತಿದ್ರು."

ಅವಳು ಬೈದಿದ್ದರೆ, ಎದುರಿನ ಲೋಟ ಎತ್ತಿ ಮುಖಕ್ಕೆ ಬೀಸಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಉಸಿರು ಕೂಡಿಸಿಕೊಂಡು, ನಡುನಡುವೆ ನಿಲ್ಲಿಸಿ, ಬೇರೆಯೇ ಒಂದು ದಿನದ ಮಾತು ತೆಗೆದಳು.

"ಅವರು ಹೋದ ದಿನ ಆಸ್ಪತ್ರೇಲಿ ನಾವಿಬ್ರೇ ಇದ್ವಿ. ಸೆಕೆ ಆಗ್ತಿದೆ ಅಂದ್ರು. ಫ್ಯಾನಿನ ಸ್ವಿಚ್ಚು ಮಂಚದ ಪಕ್ಕದಲ್ಲೇ ಇತ್ತು, ಎದ್ದೆ. ನೀನು ಮುಟ್ಬೇಡ, ನರ್ಸನ್ನ ಕರಿ ಅಂದ್ರು. ನಗ್ತಾನೇ ಅಂದ್ರು. ಕರೆಯೋಕೆ ಹೋದೆ. ನರ್ಸು ಆ ತುದೀಲಿದ್ಲು. ಕರ್ಕೊಂಡು ಬರೋ ಹೊತ್ತಿಗೆ..."

ಮುಂದಿನದನ್ನು ಹೇಳಲು ಉಸಿರು ಸಾಲಲಿಲ್ಲವೋ ಮನಸ್ಸು ಸಾಲಲಿಲ್ಲವೋ, ನಿಲ್ಲಿಸಿದಳು. ಹನ್ನೆರಡು ವರ್ಷವಾಗಿತ್ತು ಭಾವ ತೀರಿಕೊಂಡು. ಆಗ ಅಕ್ಕ ಹೊರಗಿದ್ದಳಂತೆ ಎಂದು ಕಟ್ಟಡದವರೆಲ್ಲ ಆಡಿಕೊಂಡಿದ್ದರು, ಅವನೂ ಕೇಳಿದ್ದ. ಯಾಕೆ ಹೊರಗಿದ್ದಳು ಎಂದು ಯಾರೂ ಕೇಳಿರಲಿಲ್ಲ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನಂತೆ ಅತ್ತ.

"ಅವರಿಗೆ ಹೋಗಿ ಹೇಳೋಕಾಗಲ್ಲ ಇನ್ನು," ಅಂದಳು ಅಕ್ಕ. "ಉಳಿದವರಿಗಾದ್ರೂ ಹೇಳು. ಒಬ್ಬರನ್ನೂ ಬಿಡಬೇಡ."

"ಹೇಳ್ತೀನಿ."

"ನನ್ನ ಮಗನಿಗೆ ಮೊದಲು ಹೇಳು."

"ಹೂಂ ಅಕ್ಕ." ಕ್ಷಮಿಸು ಎಂದು ಕೇಳುವ ಮುಖ ಇರಲಿಲ್ಲ, ಅವಳೂ ಕೊಡುವ ಹಾಗೆ ಕಾಣಲಿಲ್ಲ.

ಅಕ್ಕ ಪೆಟ್ಟಿಗೆಯನ್ನು ಎಳೆದುಕೊಂಡಳು. ಗೋಡೆಯ ಕರೆಂಟು ಬಂದಮೇಲೆ ಅವನು ಅದನ್ನು ಆರಿಸಿಟ್ಟಿದ್ದ. ಬೆರಳು ಸ್ವಿಚ್ಚಿನ ಮೇಲೆ ಬಂತು, ನಡುಗಿತು, ನಿಂತಿತು. ತಾತ ಕುರ್ಚಿಯಿಂದ ಅರ್ಧ ಎದ್ದರು. ಟಕ್ ಎಂದಿತು. ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಹೊಗೆ ಬರಲಿಲ್ಲ, ಏನೂ ಸುಡಲಿಲ್ಲ. ಅಕ್ಕ ಆರಿಸಿದಳು, ಮತ್ತೆ ಹಾಕಿದಳು, ಮತ್ತೆ ಆರಿಸಿದಳು. ಆಮೇಲೆ ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಇಷ್ಟೇನಾ ತಮ್ಮ?"

"ಇಷ್ಟೇ ಅಕ್ಕ," ಅಂದ ಅವನು.